ಹಳೇ ಯೆಜ್ಡಿ ಕೊಂಡ್ರಾ? ಎಂಜಿನ್ ಬಿಚ್ಚಿಸೋ ಮುಂಚೆ ಇಷ್ಟು ನೋಡ್ಕೊಳ್ರಿ

ಸೇಡಂ: ತಂದ ದಿನ ಎರಡೇ ಕಿಕ್‌ಗೆ ಸ್ಟಾರ್ಟ್. ಓಣಿಯಲ್ಲಿ ಒಂದು ಸುತ್ತು ಹೊಡೆದರೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುವಂಥ ಸದ್ದು. ಮೂರನೇ ದಿನ ಚಿತ್ತಾಪುರ ರಸ್ತೆಯಲ್ಲಿ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಗಾಡಿ ಬಂದ್. ಇಪ್ಪತ್ತು ಸಲ ಕಿಕ್ ಹೊಡೆದರೂ ಜೀವ ಇಲ್ಲ. ಅರ್ಧ ತಾಸು ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿದ ಮೇಲೆ ಏನೂ ಆಗಿಲ್ಲ ಎಂಬಂತೆ ಮತ್ತೆ ಸ್ಟಾರ್ಟ್.

ಹಳೆಯ ಜಾವಾ, ಯೆಜ್ಡಿ ಕೊಂಡವರಿಗೆ ಈ ಅನುಭವ ಹೊಸದಲ್ಲ. ಇಂಥ ಹೊತ್ತಿನಲ್ಲಿ ಸುತ್ತ ನಿಂತವರು ಕೊಡುವ ಸಲಹೆಯೂ ಹೊಸದಲ್ಲ: ‘ಬೋರ್ ಹೋಗ್ಯಾದ, ಎಂಜಿನ್ ಬಿಚ್ಚಬೇಕ್ರಿ.’ ಆದರೆ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಬಹಳ ಸಲ ತಪ್ಪು ಇರುವುದು ಎಂಜಿನ್ ಒಳಗಲ್ಲ, ಬೆರಳಷ್ಟು ದೊಡ್ಡ ಕಂಡೆನ್ಸರ್‌ನಲ್ಲಿ ಅಥವಾ ಇಗ್ನಿಷನ್ ಕಾಯಿಲ್‌ನಲ್ಲಿ. ಅದನ್ನು ನೋಡದೆ ಎಂಜಿನ್ ಬಿಚ್ಚಿಸಿದರೆ ಹಣವೂ ಹೋಗುತ್ತದೆ, ಸಿಗದ ಸಾಮಾನೂ ಹಾಳಾಗುತ್ತದೆ.

ಅವಸರ ಯಾಕೆ ಬೇಡ?

ಜಾವಾ, ಯೆಜ್ಡಿ ನಮ್ಮದೇ ರಾಜ್ಯದ ಗಾಡಿಗಳು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದವು. ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಅದೇ ಹೆಸರಿನಿಂದ ಬಂದ ಗಾಡಿಗಳು 1970ರ ದಶಕದಲ್ಲಿ ಯೆಜ್ಡಿ ಆದವು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ಕೈಗೆ ಸಿಗುವ ಮೈಸೂರಿನ ಯೆಜ್ಡಿ ಎಷ್ಟೇ ಹೊಸದೆಂದರೂ ಮೂವತ್ತು ವರ್ಷದ ಆಸುಪಾಸಿನದು. ಈಚೆಗೆ ಅದೇ ಹೆಸರಿನಲ್ಲಿ ಶೋರೂಮಿಗೆ ಬಂದಿರುವ ಗಾಡಿಗಳು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ ಸಾಮಾನು ಇದಕ್ಕೆ ಬರುವುದಿಲ್ಲ.

250 ಸಿಸಿಯ ಹಳೆಯ ಎಂಜಿನ್‌ನ ಬೋರ್ 65 ಮಿ.ಮೀ. ಬೋರ್ ಸವೆದಾಗ ಲೇತ್‌ನಲ್ಲಿ ಕೊರೆಸಿ ಕಾಲು ಮಿ.ಮೀ. ದೊಡ್ಡ ಪಿಸ್ಟನ್ ಹಾಕುತ್ತಾರೆ. ಹೀಗೆ ಕೊರೆಸುವುದಕ್ಕೂ ಒಂದು ಮಿತಿ ಇದೆ. ಅದು ಮುಗಿದರೆ ಹೊಸ ಲೈನರ್ ಕೂರಿಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು. ಬೇಕಿಲ್ಲದೆ ಮಾಡಿಸಿದ ಒಂದು ಬೋರಿಂಗ್ ಎಂದರೆ ಗಾಡಿಯ ಆಯುಷ್ಯದಲ್ಲಿ ಒಂದು ಪಾಲು ಹೋದಂತೆ.

ಮೊದಲ ದಿನ ಕಿಕ್ ಹೊಡೆಯಬೇಡಿ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಗಾಡಿ ತಂದಿದ್ದರೆ ಮೊದಲು ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ಒಂದು ಚಮಚದಷ್ಟು ಟು–ಟಿ ಆಯಿಲ್ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಕಿಕ್ಕನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಒಣಗಿದ ಸಿಲಿಂಡರಿನಲ್ಲಿ ತುಕ್ಕು ಹಿಡಿದ ರಿಂಗ್ ಒಂದೇ ಜೋರು ಕಿಕ್‌ಗೆ ಗೀರು ಹಾಕಬಹುದು.

ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ. ಟಾರ್ಚ್ ಹಿಡಿದು ಒಳಗೆ ನೋಡಿ. ಕೆಂಪು ತುಕ್ಕು ಕಂಡರೆ ಮೊದಲು ಟ್ಯಾಂಕ್ ತೊಳೆಸಿ, ಆಮೇಲೆ ಕಾರ್ಬೊರೇಟರ್. ಟ್ಯಾಂಕ್ ಬಿಟ್ಟು ಕಾರ್ಬೊರೇಟರ್ ಮಾತ್ರ ತೊಳೆಸಿದರೆ ಎರಡೇ ದಿನಕ್ಕೆ ಮತ್ತೆ ಕಚರಾ ಬಂದು ನಿಲ್ಲುತ್ತದೆ.

ಪೆಟ್ರೋಲಿನ ವಿಷಯ ಇನ್ನೊಂದಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ (ಇ20) ಈಗ ಸಾಮಾನ್ಯವಾಗಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರ್ ಅದಕ್ಕೆ ತಡೆಯುವುದಿಲ್ಲ; ಉಬ್ಬುತ್ತವೆ, ಬಿರಿಯುತ್ತವೆ. ಹಾಗಾಗಿ ಪೆಟ್ರೋಲ್ ಪೈಪು, ಕಾಕ್‌ನ ವಾಷರ್ ಹೊಸದು ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ಹೊಸ ಪೆಟ್ರೋಲಿಗೆ ಟು–ಟಿ ಆಯಿಲ್ ಬೆರೆಸುವುದು ಮರೆಯಬೇಡಿ. ಇದು ಟು ಸ್ಟ್ರೋಕ್ ಗಾಡಿ. ಪಿಸ್ಟನ್, ಕ್ರ್ಯಾಂಕ್ ಬೇರಿಂಗ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಹಳೆಯ ಮಾದರಿಗಳಿಗೆ ರೂಢಿಯಲ್ಲಿರುವ ಲೆಕ್ಕ 25ಕ್ಕೆ 1. ಅಂದರೆ 1 ಲೀಟರ್ ಪೆಟ್ರೋಲಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ. ಗಾಡಿಯ ಜೊತೆ ಹಳೆಯ ಕೈಪಿಡಿ ಸಿಕ್ಕಿದ್ದರೆ ಅದರಲ್ಲಿ ಬರೆದ ಲೆಕ್ಕವನ್ನೇ ಹಿಡಿಯಿರಿ. ಅಂದಾಜಿಗೆ ಸುರಿಯುವ ಬದಲು ಅಳತೆಯ ಬಾಟಲಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಆಯಿಲ್ ಹಾಕಿನ್ರಿ’ ಎಂದು ಮಾರಿದವರು ಹೇಳಿದರೂ ನಂಬಿ ಓಡಿಸಬೇಡಿ.

ನಾಲ್ಕು ಪರೀಕ್ಷೆ, ಒಂದರ ಹಿಂದೆ ಒಂದು

ಸ್ಟಾರ್ಟ್ ಆಗದ ಎಂಜಿನ್‌ಗೆ ಬೇಕಾದದ್ದು ನಾಲ್ಕು: ಕಿಡಿ, ಪೆಟ್ರೋಲ್, ಗಾಳಿ, ಕಂಪ್ರೆಷನ್. ಇದೇ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪ್ಲಗ್, ಪಾಯಿಂಟ್, ಜೆಟ್ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಮಿಸ್ತ್ರಿಗೂ ತಿಳಿಯುವುದಿಲ್ಲ.

*ಕಿಡಿ:* ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ ಹೆಡ್‌ಗೆ ತಾಗಿಸಿ ಇಡಿ. ಪ್ಲಗ್ಗಿನ ತೂತಿನಿಂದ ದೂರ ಇರಲಿ. ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ತಾಗಬಹುದು. ಕೀ ಆನ್ ಮಾಡಿ ಕಿಕ್ ಹೊಡೆದಾಗ ನೀಲಿ ಬಣ್ಣದ ಗಟ್ಟಿ ಕಿಡಿ ಬರಬೇಕು. ಹಳದಿ, ಕೆಂಪು ಬಣ್ಣದ ಸಣಕಲು ಕಿಡಿ ಬಂದರೆ ಸಾಲದು. ಈ ಗಾಡಿಗಳಲ್ಲಿ ಕಿಡಿ ಬ್ಯಾಟರಿಯನ್ನು ನೆಚ್ಚಿಕೊಂಡಿದೆ. ಹಳೆಯವಕ್ಕೆ 6 ವೋಲ್ಟ್ ಬ್ಯಾಟರಿ. ಹಾರ್ನ್ ನರಳುತ್ತಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ.

ಆಮೇಲೆ ಎಂಜಿನ್‌ನ ಬಲಗಡೆ ಕವರ್ ತೆಗೆದರೆ ಡೈನಮೊ, ಅದರ ಬಳಿ ಪಾಯಿಂಟ್ ಕಾಣುತ್ತವೆ. ಪಾಯಿಂಟ್ ಸುಟ್ಟು ಕರ್ರಗಾಗಿದ್ದರೆ ಸಣ್ಣ ಪಾಲಿಶ್ ಕಾಗದದಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಪಾಯಿಂಟ್ ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿ.ಮೀ. ಅಂತರ ಇರಬೇಕು; ಫೀಲರ್ ಗೇಜ್ ಇಟ್ಟು ನೋಡಬೇಕು.

*ಪೆಟ್ರೋಲ್:* ಕಾರ್ಬೊರೇಟರಿಗೆ ಹೋಗುವ ಪೈಪ್ ಎಳೆದು ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ತಡೆಯಿಲ್ಲದೆ ಬರಬೇಕು. ಮೊದಲು ಜೋರಾಗಿ ಬಂದು ನಿಧಾನಕ್ಕೆ ಹನಿಯಾದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದು ಧಾರೆ ಮತ್ತೆ ಜೋರಾದರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ ಎಂದರ್ಥ. ಸೂಜಿಯಿಂದ ಚುಚ್ಚಿದರೆ ಮುಗಿಯಿತು. ಒಂದಿಷ್ಟು ದೂರ ಓಡಿ ನಿಲ್ಲುವ ಗಾಡಿಗಳಲ್ಲಿ ಇದೂ ಒಂದು ಕಾರಣ.

*ಗಾಳಿ:* ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಎಂಜಿನ್ನಿಗೂ ಉಸಿರಿಲ್ಲ. ಜೊತೆಗೆ ಕಾರ್ಬೊರೇಟರ್ ಬುಡದ ಜೋಡಣೆಯಲ್ಲಿ ಸಂದು ಇದೆಯೋ ನೋಡಬೇಕು. ಎಂಜಿನ್ ಸ್ಲೋದಲ್ಲಿ ಓಡುವಾಗ ಆ ಜಾಗದ ಸುತ್ತ ಗ್ರೀಸ್ ಹಚ್ಚಿ. ಸದ್ದು ಬದಲಾಗಿ ಓಟ ಇಳಿದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತು ಎಂದೇ ಲೆಕ್ಕ.

*ಕಂಪ್ರೆಷನ್:* ಪ್ಲಗ್ ಹಾಕಿ, ಕೀ ಆಫ್ ಮಾಡಿ, ಕಿಕ್ ಮೇಲೆ ನಿಧಾನಕ್ಕೆ ಭಾರ ಬಿಡಿ. ಒಂದು ಹಂತದಲ್ಲಿ ಎಂಜಿನ್ ಗಟ್ಟಿಯಾಗಿ ತಡೆಯಬೇಕು. ಬೆಣ್ಣೆಯಲ್ಲಿ ಕೈಯಿಟ್ಟಂತೆ ಸರಾಗ ಇಳಿದರೆ ರಿಂಗ್, ಬೋರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು. ಎಂಜಿನ್ ಬಿಚ್ಚುವ ಮಾತು ಬರುವುದು ಇಲ್ಲಿಂದ ಮುಂದೆ.

ಬಿಸಿಲಿಗೆ ನಿಲ್ಲುವ ಗಾಡಿ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಮೇಲೆ ಹೇಳಿದ ‘ಬಿಸಿಯಾದಾಗ ಬಂದ್, ಆರಿದಾಗ ಚಾಲೂ’ ರೋಗ ಜೋರು. ಹಳೆಯ ಕಂಡೆನ್ಸರ್, ಕಾಯಿಲ್ ಒಳಗಿನ ನಿರೋಧಕ ಪದರ ದುರ್ಬಲವಾಗಿರುತ್ತದೆ. ಕಾದಾಗ ಅದು ಕೈಕೊಡುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ.

ಪತ್ತೆ ಮಾಡುವುದು ಸುಲಭ. ಗಾಡಿ ನಿಂತ ತಕ್ಷಣ, ಆರುವ ಮುಂಚೆಯೇ, ಪ್ಲಗ್ ಬಿಚ್ಚಿ ಕಿಡಿ ನೋಡಿ. ಎಂಜಿನ್ ಸುಡುತ್ತಿರುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ಕಿಡಿ ಇಲ್ಲ, ಅರ್ಧ ತಾಸಿನ ನಂತರ ಇದೆ ಎಂದರೆ ಕಂಡೆನ್ಸರ್ ಅಥವಾ ಕಾಯಿಲ್. ಪಾಯಿಂಟ್ ನಡುವೆ ದೊಡ್ಡ ಕಿಡಿ ಸಿಡಿಯುತ್ತಿದ್ದರೆ ಕಂಡೆನ್ಸರ್ ಮೇಲೆಯೇ ಅನುಮಾನ. ಮೊದಲು ಅಗ್ಗದ ಕಂಡೆನ್ಸರ್ ಬದಲಾಯಿಸಿ ನೋಡಿ, ಆಮೇಲೆ ಕಾಯಿಲ್. ನಿಂತಾಗಲೂ ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹೋಗಿ.

ಗಾಡಿ ನೋಡಲು ಹೋದಾಗಲೂ ಇದು ನೆನಪಿರಲಿ. ನೀವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣನೆಯ ಸ್ಟಾರ್ಟ್ ಹೇಗಿದೆ ಎಂದು ತಿಳಿಯುವುದಿಲ್ಲ. ಓಣಿಯ ಒಂದು ಸುತ್ತಿನಲ್ಲಿ ಬಿಸಿಯ ರೋಗವೂ ಕಾಣುವುದಿಲ್ಲ. ಮೊದಲು ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ. ಆಮೇಲೆ ಸ್ಟಾರ್ಟ್ ಮಾಡಿಸಿ, ಕನಿಷ್ಠ ಹದಿನೈದು–ಇಪ್ಪತ್ತು ಕಿ.ಮೀ. ಓಡಿಸಿ.

ವಾಡಿ, ಶಹಾಬಾದ್ ಧೂಳು

ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್, ಚಿತ್ತಾಪುರ ಕಡೆ ಫರಸಿ ಕಲ್ಲಿನ ಗಣಿ, ಕಟಿಂಗ್ ಪಾಲಿಶಿಂಗ್ ಘಟಕಗಳು. ಲಾರಿಗಳ ಹಿಂದೆ ಏಳುವ ಬಿಳಿ ಪುಡಿ ಏರ್ ಫಿಲ್ಟರ್ ತುಂಬುತ್ತದೆ. ಫಿಲ್ಟರ್ ಕಟ್ಟಿದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಪ್ಲಗ್ ಕರ್ರಗಾಗುತ್ತದೆ, ಎಳೆತ ಇಳಿಯುತ್ತದೆ, ಖರ್ಚು ಏರುತ್ತದೆ.

ಕೆಲವರು ‘ಫಿಲ್ಟರ್ ತೆಗೆದರೆ ಪಿಕಪ್ ಬರ್ತದ’ ಎಂದು ಅದನ್ನೇ ಬಿಚ್ಚಿ ಎಸೆಯುತ್ತಾರೆ. ಈ ಭಾಗದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಟು ಸ್ಟ್ರೋಕ್ ಎಂಜಿನ್‌ನಲ್ಲಿ ಒಳಗೆ ಎಳೆದ ಗಾಳಿ ಮೊದಲು ಕ್ರ್ಯಾಂಕ್ ಕೇಸ್‌ಗೆ ಹೋಗಿ, ಅಲ್ಲಿಂದ ಸಿಲಿಂಡರ್‌ಗೆ ಬರುತ್ತದೆ. ಹೀಗಾಗಿ ಕಲ್ಲಿನ ಪುಡಿ ಎಣ್ಣೆಯ ಜೊತೆ ಸೇರಿ ಬೇರಿಂಗ್, ಪಿಸ್ಟನ್, ಬೋರ್ ಎಲ್ಲವನ್ನೂ ಉಜ್ಜುತ್ತದೆ. ಗಣಿ, ಕಾರ್ಖಾನೆ ರಸ್ತೆಯಲ್ಲಿ ದಿನಾ ಓಡಾಡುವವರು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಕೊಡವಿ ನೋಡುವುದು ಒಳ್ಳೆಯದು.

ಎಳೆತ ಇಳಿಯಲು ಸೈಲೆನ್ಸರ್ ಕೂಡ ಕಾರಣ. ಈ ಗಾಡಿಗಳಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಟು–ಟಿ ಆಯಿಲ್ ಸುಟ್ಟ ಕಾರ್ಬನ್ ಒಳಗೆ ಮೆತ್ತುತ್ತದೆ. ಎಂಜಿನ್ ಓಡುವಾಗ ಎರಡೂ ಕಡೆ ಸ್ವಲ್ಪ ದೂರದಲ್ಲಿ ಕೈ ಹಿಡಿದು ನೋಡಿ. ಒಂದರಲ್ಲಿ ಹೊಗೆ ಜೋರು, ಇನ್ನೊಂದರಲ್ಲಿ ಮಂದ ಇದ್ದರೆ ಆ ಸೈಲೆನ್ಸರ್ ಕಟ್ಟಿದೆ. ಹಿಂದಿನಿಂದ ಜಾಲರಿ ಕೊಳವೆ ಎಳೆದು ತೆಗೆದು ಕಾರ್ಬನ್ ಕೆರೆಸಿದರೆ ಗಾಡಿ ಹಗುರಾಗುತ್ತದೆ.

ಪ್ಲಗ್ ಬಣ್ಣ ಏನು ಹೇಳುತ್ತದೆ?

ಕೆಲವು ಕಿ.ಮೀ. ಓಡಿಸಿ, ಎಂಜಿನ್ ಬಂದ್ ಮಾಡಿ, ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ.

- ಕಂದು, ಚಹಾದ ಬಣ್ಣ: ಎಲ್ಲ ಸರಿಯಿದೆ.
- ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ಕಾರ್ಬೊರೇಟರ್ ಸೆಟ್ಟಿಂಗ್ ನೋಡಿ.
- ಹಸಿ ಕಪ್ಪು, ಎಣ್ಣೆ ಜಿಡ್ಡು: ಆಯಿಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ದುರ್ಬಲ, ಇಲ್ಲವೇ ಗೇರ್ ಆಯಿಲ್ ಒಳಗೆ ಬರುತ್ತಿದೆ.
- ಬಿಳಿ, ಸುಣ್ಣದಂತೆ: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಎಂಜಿನ್ ಅತಿಯಾಗಿ ಕಾಯುತ್ತಿದೆ. ಹೀಗಿದ್ದರೆ ಓಡಿಸುವುದು ನಿಲ್ಲಿಸಿ, ಕಾರಣ ಹುಡುಕಿ.

ಹೊಗೆ ನಿಲ್ಲದಿದ್ದರೆ ಆಯಿಲ್ ಸೀಲ್

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ನೀಲಿ ಬಿಳಿ ಹೊಗೆ ಟು ಸ್ಟ್ರೋಕ್‌ಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದೆ, ಗೇರ್ ಬಾಕ್ಸ್ ಆಯಿಲ್ ಮಟ್ಟವೂ ವಾರ ವಾರ ಇಳಿಯುತ್ತಿದ್ದರೆ ಕ್ರ್ಯಾಂಕ್‌ನ ಎಡಗಡೆ, ಅಂದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ. ಆ ಎಣ್ಣೆಯನ್ನು ಎಂಜಿನ್ ಎಳೆದುಕೊಂಡು ಸುಡುತ್ತಿದೆ.

ಬಲಗಡೆ, ಡೈನಮೊ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಆಕ್ಸಿಲೇಟರ್ ಬಿಟ್ಟರೂ ಓಟ ಇಳಿಯುವುದಿಲ್ಲ, ಸ್ಲೋ ನಿಲ್ಲುವುದಿಲ್ಲ, ಪ್ಲಗ್ ಬಿಳಿಯಾಗುತ್ತದೆ. ಇದು ಹೊಗೆಗಿಂತ ಅಪಾಯ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್, ಅದರ ಜೊತೆಗಿನ ಎಣ್ಣೆ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗುವ ದಾರಿ ಇದೇ.

ಪಿಸ್ಟನ್ ಜಾಮ್: ಒಂದು ಕ್ಷಣದ ಎಚ್ಚರ

ಓಡುತ್ತಿರುವಾಗ ಎಳೆತ ದಿಢೀರ್ ಇಳಿದು, ಸದ್ದು ಬಿಗಿಯಾಗಿ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಅನ್ನಿಸಿದರೆ ಆ ಕ್ಷಣವೇ ಕ್ಲಚ್ ಹಿಡಿಯಬೇಕು. ಹಿಡಿಯದಿದ್ದರೆ ಹಿಂದಿನ ಗಾಲಿಯೂ ಲಾಕ್ ಆಗಿ ಸವಾರ ಬೀಳಬಹುದು. ಕ್ಲಚ್ ಹಿಡಿದು, ಕೀ ಆಫ್ ಮಾಡಿ, ರಸ್ತೆ ಬದಿಗೆ ನಿಲ್ಲಿಸಿ. ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ. ಆರಿದ ಮೇಲೆ ಕೈಯಿಂದ ಕಿಕ್ ತಿರುಗಿಸಿ ನೋಡಿ. ತಿರುಗಿದರೂ ಅದೇ ಓಟದಲ್ಲಿ ಊರಿಗೆ ಹೋಗುವ ಆಸೆ ಬೇಡ. ಮೊದಲು ಆಯಿಲ್ ಬೆರೆಸಿದ್ದು ಹೌದೋ ನೋಡಿ, ನಿಧಾನಕ್ಕೆ ಹತ್ತಿರದ ಮಿಸ್ತ್ರಿ ತನಕ ಮಾತ್ರ ಹೋಗಿ.

ಚಿಂಚೋಳಿ ಕಾಡಿನ ಕಡೆ ಹೋಗುವವರಿಗೆ ಇನ್ನೊಂದು ಮಾತು. ಉದ್ದ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಜೊತೆ ಬರುವ ಎಣ್ಣೆ ನಿಂತಿರುತ್ತದೆ. ನಡುನಡುವೆ ಸ್ವಲ್ಪ ಆಕ್ಸಿಲೇಟರ್ ಕೊಡುತ್ತಾ ಇಳಿಯಬೇಕು.

ಹಾಗಾದರೆ ಎಂಜಿನ್ ಯಾವಾಗ ಬಿಚ್ಚಿಸಬೇಕು?

ಕಿಡಿ, ಪೆಟ್ರೋಲ್, ಗಾಳಿ ಮೂರೂ ಸರಿಯಿದ್ದು ಕಂಪ್ರೆಷನ್ ಇಲ್ಲದಿದ್ದರೆ; ಆಯಿಲ್ ಸೀಲ್ ಹೋದ ಲಕ್ಷಣ ಖಚಿತವಾದರೆ; ಕ್ರ್ಯಾಂಕ್ ಬೇರಿಂಗ್‌ನಿಂದ ಗುರ್ ಎನ್ನುವ ಅಥವಾ ಕನೆಕ್ಟಿಂಗ್ ರಾಡ್‌ನಿಂದ ಕಟಕಟ ಸದ್ದು ಬರುತ್ತಿದ್ದರೆ ಬಿಚ್ಚಿಸಲೇಬೇಕು. ಆಗ ತಡ ಮಾಡಿದರೆ ನಷ್ಟ.

ಬಿಚ್ಚಿಸುವಾಗ ಹಳೆಯ ಜಾವಾ, ಯೆಜ್ಡಿ ಕೈಯಾಡಿಸಿದ ಮಿಸ್ತ್ರಿಯನ್ನೇ ಹುಡುಕಿ. ಹಿಂದೆ ನಿಮ್ಮ ಊರಲ್ಲಿ ಈ ಗಾಡಿ ಇಟ್ಟಿದ್ದವರನ್ನು ಕೇಳಿದರೆ ಹೆಸರು ಸಿಗುತ್ತದೆ. ಬೋರ್ ಕೊರೆಸುವ ಮುನ್ನ ಪಿಸ್ಟನ್ ಕೈಗೆ ಬಂದಿರಲಿ. ಪಿಸ್ಟನ್ ಅಳತೆಗೆ ಬೋರ್ ಕೊರೆಯಬೇಕೇ ಹೊರತು ಬೋರ್ ಕೊರೆದು ಪಿಸ್ಟನ್ ಹುಡುಕುವುದಲ್ಲ. ತೆಗೆದ ಹಳೆಯ ಸಾಮಾನು ಗುಜರಿಗೆ ಹಾಕದೆ ಮನೆಗೆ ತನ್ನಿ. ಮೈಸೂರಿನಲ್ಲಿ ತಯಾರಾದ ಸಾಮಾನಿನ ಗಟ್ಟಿತನ ಎಲ್ಲ ನಕಲಿ ಸಾಮಾನಿಗೆ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಹೊಸ ಪಿಸ್ಟನ್ ಕೂರುವವರೆಗೆ ನಿಧಾನ ಓಡಿಸಿ.

ಬುಲೆಟ್, ಆರ್‌ಎಕ್ಸ್ 100 ಕೊಂಡವರಿಗೆ

ಹಳೆಯ ಬುಲೆಟ್ ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವಂತಿಲ್ಲ. ಸ್ಟಾರ್ಟ್ ಆಗದಿದ್ದರೆ ಮೊದಲು ಕಿಕ್ ಹೊಡೆಯುವ ರೀತಿ ನೋಡಿ: ಡಿಕಂಪ್ರೆಸರ್ ಹಿಡಿದು ಆಂಪಿಯರ್ ಮುಳ್ಳು ನಡುವೆ ಬರುವವರೆಗೆ ಕಿಕ್ ಒತ್ತಿ, ಡಿಕಂಪ್ರೆಸರ್ ಬಿಟ್ಟು, ಆಮೇಲೆ ಪೂರ್ತಿ ಕಿಕ್ ಹೊಡೆಯಬೇಕು. ಬಹಳ ದಿನ ನಿಂತ ಬುಲೆಟ್‌ನಲ್ಲಿ ಆಯಿಲ್ ಕೆಳಗೆ ಕ್ರ್ಯಾಂಕ್ ಕೇಸ್‌ಗೆ ಇಳಿದು ಮೊದಲ ಸ್ಟಾರ್ಟ್‌ಗೆ ಹೊಗೆ ಹಾಕುವುದುಂಟು. ಅದನ್ನೇ ನೋಡಿ ರಿಂಗ್ ಹೋಗಿದೆ ಎನ್ನಬೇಡಿ.

ಯಮಾಹಾ ಆರ್‌ಎಕ್ಸ್ 100 ಟು ಸ್ಟ್ರೋಕ್ ಆದರೂ ಅದಕ್ಕೆ ಆಯಿಲ್ ಟ್ಯಾಂಕ್ ಬೇರೆ, ಪಂಪ್ ಮೂಲಕ ಎಣ್ಣೆ ಹೋಗುತ್ತದೆ. ಹಿಂದಿನ ಮಾಲೀಕರು ಪಂಪ್ ಬಂದ್ ಮಾಡಿಸಿದ್ದಾರೋ ಎಂದು ಕೇಳಿ ತಿಳಿಯಿರಿ. ಪಂಪ್ ಇಲ್ಲದ್ದು ಗೊತ್ತಿಲ್ಲದೆ ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಹೋಯಿತು.

ಕಾಗದವೂ ಗಾಡಿಯಷ್ಟೇ ಮುಖ್ಯ

ಎಂಜಿನ್‌ಗೆ ಖರ್ಚು ಮಾಡುವ ಮೊದಲು ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯ ಮೇಲೆ ಕೊರೆದ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ ಆಗಿರಬೇಕು. ಬೇರೆ ರಾಜ್ಯದಿಂದ ತಂದದ್ದಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಇಲ್ಲದೆ ಕಲಬುರಗಿಯ ಕೆಎ–32ಕ್ಕೆ ಬದಲಾಗುವುದಿಲ್ಲ.

‘ವಿಂಟೇಜ್’ ಎಂದು ಎಲ್ಲ ಹಳೆಯ ಗಾಡಿಯನ್ನೂ ಕರೆದರೂ ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ಮಾತ್ರ ಆ ದರ್ಜೆ. ಅದಕ್ಕೆ ‘ವಿಎ’ ಅಕ್ಷರವಿರುವ ಬೇರೆ ನಂಬರ್ ಸರಣಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಹೊಲಕ್ಕೆ, ಡ್ಯೂಟಿಗೆ ಓಡಿಸುವವರಿಗೆ ಮಾಮೂಲಿ ನೋಂದಣಿ ನವೀಕರಣವೇ ದಾರಿ.

ಗಾಡಿಯ ಜೊತೆ ಇಟ್ಟುಕೊಳ್ಳಿ

ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ಕಂಡೆನ್ಸರ್, ಒಂದು ಜೊತೆ ಪಾಯಿಂಟ್, ಫೀಲರ್ ಗೇಜ್, ಪಾಲಿಶ್ ಕಾಗದ, ಒಂದಡಿ ಪೆಟ್ರೋಲ್ ಪೈಪ್, ಅಳತೆ ಬಾಟಲಿಯಲ್ಲಿ ಟು–ಟಿ ಆಯಿಲ್. ಜೊತೆಗೆ ಒಂದು ಸಣ್ಣ ನೋಟ್‌ಬುಕ್: ಯಾವ ದಿನ ಏನು ಬದಲಾಯಿಸಿದಿರಿ, ಆಮೇಲೆ ಗಾಡಿ ಹೇಗೆ ಓಡಿತು ಎಂದು ಬರೆದಿಡಿ. ಮುಂದಿನ ಸಲ ದಾರಿಯಲ್ಲಿ ನಿಂತಾಗ ಮಿಸ್ತ್ರಿ ಮೊದಲು ಕೇಳುವುದು ಅದನ್ನೇ.